ಹಲಗೆ ಹಾದಿಯ ಕಾನೂನು

ರಾತ್ರಿ ಪಾಳಿ ಮುಗಿಸಿ ಬಂದ ಹಿಲ್ಲೆ
ಕೋಟು ಬಿಚ್ಚದೆ ಹಾಸಿಗೆಗೆ ಬಿದ್ದು ಹೇಳಿದಳು:
‘ಮಕ್ಕಳನ್ನ ಜೌಗಿಗೆ ಕರಕೊಂಡು ಹೋಗು.
ನನಗೆ ಮೂರು ಗಂಟೆ ನಿದ್ದೆ ಬೇಕು.’

ಹದಿನೈದು ದಿನಕ್ಕೊಮ್ಮೆ ಹಡಗು ಹತ್ತಿ
ಹೆಲ್ಸಿಂಕಿಯಿಂದ ಟಾಲಿನ್‌ಗೆ ಬರುವವ ನಾನು.
ಕಂಡವರ ಬಚ್ಚಲಿಗೆ ಟೈಲ್ಸು ಕೂರಿಸಿ ಕೂರಿಸಿ
ಮಂಡಿಯೊಳಗೊಂದು ಹಳೇ ಬಾಗಿಲು ಕಿರುಗುಟ್ಟುತ್ತದೆ.
ನಡೆಯುವುದೇನು ಮಹಾ, ಅಂದುಕೊಂಡೆ.
ಒಂದು ಕಾಲಿನ ಮುಂದೆ ಇನ್ನೊಂದು ಕಾಲು.

ಜೌಗಿನ ಬಾಯಲ್ಲೇ ತಡೆದಳು ಲೇಲೊ,
ಒಂಬತ್ತು ವರ್ಷದ ಇನ್ಸ್‌ಪೆಕ್ಟರು:
‘ನಿಲ್ಲಪ್ಪ. ಹಾಗೆಲ್ಲ ಹತ್ತುವ ಹಾಗಿಲ್ಲ.
ಮೊದಲ ಹಲಗೆಗೆ ಹೆಸರು ಹೇಳಬೇಕು.
ನಾನು ಕೊಕ್ಕರೆ. ಓಟ್ ನರಿ.’
ನಾನು ಅಪ್ಪ, ಅಂದೆ.
ಅದು ಪ್ರಾಣಿಯಲ್ಲವಂತೆ.
ಕೊನೆಗೆ ಕರಡಿಯಾದೆ. ಹೇಗೂ ಗಡ್ಡವಿತ್ತು.

ಎರಡೇ ಹಲಗೆ ಅಗಲದ ಹಾದಿ.
ಎಡಕ್ಕೆ ಕೆಂಪು ಪಾಚಿ, ಬಲಕ್ಕೆ ಕರಿನೀರ ಕೊಳ,
ನೂರು ವರ್ಷ ಬೆಳೆದೂ ನನ್ನ ಭುಜ ಮುಟ್ಟದ ಪೈನ್ ಮರ.
ತುಕ್ಕು ಮೊಳೆಯ ಹಲಗೆ ಬಂದರೆ ಒಂಟಿಕಾಲು.
ಹೊಸ ಹಲಗೆ ಬಂದರೆ ಪಿಸುಮಾತು,
ಅದಿನ್ನೂ ಹಸುಗೂಸು, ಮಲಗಿದೆ.
ತಿರುವಿನಲ್ಲಿ ಹಿಂದುಹಿಂದಾಗಿ ನಡೆಯಬೇಕು,
ನಾವು ಬಂದೆವೋ ಹೋದೆವೋ
ಜೌಗಿನ ಅಜ್ಜಿಗೆ ತಿಳಿಯಬಾರದು.
ಎದುರಿಗೆ ಯಾರೇ ಬರಲಿ, ಒಂದು ಕಾಲೆತ್ತಿ ‘ತೆರೆ’ ಅನ್ನಬೇಕು.
ಹಣ್ಣಿನ ಬುಟ್ಟಿ ಹಿಡಿದ ಮುದುಕರೊಬ್ಬರು
ಮರುಮಾತಿಲ್ಲದೆ ತಾವೂ ಒಂದು ಕಾಲೆತ್ತಿದರು.
ಅವರಿಗೂ ಗೊತ್ತಿತ್ತು.
ನನಗೊಬ್ಬನಿಗೇ ಗೊತ್ತಿರಲಿಲ್ಲ.

ಇದನ್ನೆಲ್ಲ ಯಾರು ಮಾಡಿದ್ದು?
‘ಅಮ್ಮ.’
ಯಾವಾಗ?
‘ನೀನು ಇಲ್ಲದಾಗ,’ ಅಂದಳು ಲೇಲೊ,
ಬಸ್ಸಿನ ಹೊತ್ತು ಹೇಳುವಷ್ಟೇ ಸಲೀಸಾಗಿ.

ಗೋಪುರ ಇನ್ನೂ ಬೆಂಕಿಕಡ್ಡಿಯಷ್ಟು ಕಾಣುವಾಗ
ಓಟ್ ಕೂತುಬಿಟ್ಟ.
‘ನನ್ನ ಕಾಲು ಖಾಲಿ.’
ಬಾ, ಹೊತ್ತುಕೊಳ್ಳುತ್ತೇನೆ, ಅಂತ ಬಗ್ಗಿದೆ.
‘ಹೊರೋ ಹಾಗಿಲ್ಲ!’ ಕೊಕ್ಕರೆ ಚೀರಿತು.
‘ಕಾಲಿಗೆ ಬುದ್ಧಿ ಹೇಳಬೇಕು.’
ಅಂದರೆ, ಓಡಿಹೋಗುವುದಾ?
‘ಅಲ್ಲ. ನಿಜವಾಗಿ ಹೇಳಬೇಕು. ಬಗ್ಗಿ. ಮೆಲ್ಲಗೆ.’

ಹಲಗೆಯ ಮೇಲೆ ಸಾಲಾಗಿ ಕೂತೆವು.
ಬೂಟು ಬಿಚ್ಚಿ ಓಟ್ ಎಡಗಾಲಿಗೆ ಹೇಳಿದ:
‘ನೋಡು, ಗೋಪುರ ಹತ್ತಿದರೆ ಬನ್ನು ಇದೆ.
ಬಲಗಾಲು ಹೊರಟಾಯ್ತು.
ನೀನೊಬ್ಬನೇ ಇಲ್ಲಿ ಏನು ಮಾಡ್ತೀಯ?’
ಬಲಗಾಲಿಗೂ ಅದನ್ನೇ ಹೇಳಿದ, ಹೆಸರು ಬದಲಿಸಿ.
ಐದು ವರ್ಷದವನ ಈ ವಕೀಲಿಗೆ ನಾನು ದಂಗಾದೆ.
ಆಮೇಲೆ ಬೂಟು ಬೋರಲು ಹಾಕಿ ಒಳಗಿನ ದಣಿವು ಕೊಡವಿದ.
ಏನೂ ಬೀಳಲಿಲ್ಲ.
‘ಬಿತ್ತು,’ ಅಂದ.

‘ಈಗ ನೀನು.’
ಕೊಡವಿದೆ. ಟಕ್ಕೆಂದು
ಬಿತ್ತು, ನಿಜವಾಗಿಯೇ, ಒಂದು ಚೂರು:
ಬಿಳಿ ಟೈಲ್ಸಿನದು, ಉಗುರಿನಷ್ಟು,
ಯಾರದೋ ಬಚ್ಚಲಿನಿಂದ ಕಡಲು ದಾಟಿ
ನನ್ನ ಹಿಮ್ಮಡಿಯಡಿ ಬಂದದ್ದು.
ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು.
ಇಷ್ಟು ದೊಡ್ಡ ದಣಿವನ್ನು ಅವರು ಕಂಡಿರಲಿಲ್ಲ.
ಓಟ್ ಕೊಳಕ್ಕೆಸೆಯಲು ಕೈ ಬೀಸಿದ, ಲೇಲೊ ಹಿಡಿದಳು:
‘ಬೇಡ, ಜೌಗಿಗೆ ಜೀರ್ಣವಾಗಲ್ಲ.
ಅಮ್ಮನಿಗೆ ತೋರಿಸೋಣ.’

ಗೋಪುರಕ್ಕೆ ಕರಡಿಯೇ ಕೊನೆ.
ಮರಳುವಾಗ ನಾನೂ ಒಂದು ಕಾನೂನು ತಂದೆ:
ಹಲಗೆಯ ಸಂದು ತುಳಿದವರು ಔಟ್.
ಸಂದುಗಳ ವಿಚಾರ ನನಗೆ ಬಿಟ್ಟು ಇನ್ಯಾರಿಗೆ ಗೊತ್ತು!
ಮೂವತ್ತು ಹಲಗೆ ಆಡಿ ನೋಡಿ ಲೇಲೊ ಅಂದಳು:
‘ಪರವಾಗಿಲ್ಲ. ಅಮ್ಮನ್ನ ಕೇಳಿ ಸೇರಿಸೋಣ.’

ಮನೆಯಲ್ಲಿ ಹಿಲ್ಲೆ ಎದ್ದಿದ್ದಳು,
ಕೆನ್ನೆಯ ಮೇಲೆ ದಿಂಬಿನ ಗೆರೆ.
ಚೂರನ್ನು ಬೆಳಕಿಗೆ ಹಿಡಿದು ಕೇಳಿದಳು, ‘ಯಾವ ಕಾಲು?’
ಎಡದ್ದು.
ಬಗ್ಗಿ ಅದಕ್ಕೆ ಮೆಲ್ಲಗೆ ಏನೋ ಹೇಳಿದಳು.
ನನಗೆ ಕೇಳಿಸಲಿಲ್ಲ.

ಸೋಮವಾರ ಬೆಳಗ್ಗೆ ಬಂದರಿನಲ್ಲಿ,
ಹಡಗಿನ ಮೆಟ್ಟಿಲ ಮುಂದೆ,
ಎಡಗಾಲು ಏಳಲೊಲ್ಲದು.
ಹಿಂದಿನವರು ಗೊಣಗುತ್ತಿದ್ದರು.
ಬಲಗಾಲೆತ್ತಿ
ಕೊಂಚ ಹೊತ್ತು ಹಾಗೇ ನಿಂತೆ.